ಗುಂಗುರು ಕೂದಲು ಭುಜ ದಾಟುತ್ತಿಲ್ಲ: ಬುಡ ಬೆಳೀತಿಲ್ವೋ, ತುದಿ ಮುರೀತಿದೆಯೋ?

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ಮಗಳಿಗೆ 16 ವರ್ಷ, ದಟ್ಟವಾದ ಗುಂಗುರು ಕೂದಲು. ಎರಡು ವರ್ಷದಿಂದ ಭುಜದ ಹತ್ತಿರ ಬಂದು ನಿಂತುಬಿಟ್ಟಿದೆ. ಈಗ ಮಾಡುತ್ತಿರುವುದನ್ನೆಲ್ಲ ಇದ್ದ ಹಾಗೆ ಬರೆಯುತ್ತೇನೆ, ತಪ್ಪು ಎಲ್ಲಿದೆ ತಿಳಿಸಿ.

ಶನಿವಾರ ರಾತ್ರಿ ಹರಳೆಣ್ಣೆ, ಕೊಬ್ಬರಿ ಎಣ್ಣೆ ಸಮಸಮ ಬೆರೆಸಿ ನೆತ್ತಿಗೆ ತಿಕ್ಕುವುದು. ಭಾನುವಾರ ಎರಡು ಸಲ ಶಾಂಪೂ. ಕಂಡೀಷನರ್ ಹಾಕಿದರೆ ಕೂದಲು ಉದುರುತ್ತದೆ ಅಂತ ಹಾಕುವುದಿಲ್ಲ. ನೀರು ಬೋರ್‌ವೆಲ್‌ದು, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಟರ್ಕಿ ಟವೆಲ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಬಾಚಿ ಎರಡು ಜಡೆ ಹಾಕಿ, ಮಡಚಿ ರಿಬ್ಬನ್ ಕಟ್ಟುವುದು. ದಿನಾ ಬೆಳಿಗ್ಗೆಯೂ ಒಣ ಕೂದಲನ್ನೇ ಬಾಚುವುದು. ಬಾಚಿದ ಜಾಗದಲ್ಲಿ ಚಿಕ್ಕ ಚಿಕ್ಕ ತುಂಡು ಕೂದಲು ಬಿದ್ದಿರುತ್ತದೆ. ಎಣ್ಣೆ ಬದಲಿಸಬೇಕಾ? ಬಯೋಟಿನ್ ಮಾತ್ರೆ ಕೊಡಬಹುದಾ?

ಎಳೆಬಿಡಿಸಿ

ಎಣ್ಣೆಯ ಮಾತು ಆಮೇಲೆ. ಮೊದಲು ಲೆಕ್ಕ ಹಾಕೋಣ ಅಕ್ಕ. ನೆತ್ತಿಯ ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಬೆಳೆಯುತ್ತದೆ. ಎರಡು ವರ್ಷಕ್ಕೆ 24 ಸೆಂ.ಮೀ., ಅಂದರೆ ಒಂದು ಗೇಣಿನಷ್ಟು. ತಲೆಗೆ ಬಣ್ಣ ಹಾಕಿಸಿಕೊಂಡವರನ್ನು ನೋಡಿ, ಒಂದೂವರೆ ತಿಂಗಳಿಗೆ ಬುಡದಲ್ಲಿ ಬೇರೆ ಬಣ್ಣ ಇಣುಕುತ್ತದೆ. ಮಗಳ ಬುಡದಲ್ಲೂ ಹೊಸ ಕೂದಲು ಹಾಗೇ ಬರುತ್ತಾ ಇದೆ. ಬಂದಷ್ಟೂ ತುದಿಯಲ್ಲಿ ತುಂಡಾಗಿ ಹೋಗುತ್ತಿದೆ. ನೀವು ಬರೆದ ಆ "ಚಿಕ್ಕ ಚಿಕ್ಕ ತುಂಡು" ಅದೇ.

ಖಾತ್ರಿ ಮಾಡಿಕೊಳ್ಳಲು ಒಂದು ಬಿಳಿ ಪಂಚೆ ಹಾಸಿ ಅದರ ಮೇಲೆ ಬಾಚಿ. ಬಿದ್ದ ಕೂದಲನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಗಸಗಸೆಗಿಂತ ಸಣ್ಣ ಬಿಳಿ ಗುಂಡು ಇದ್ದರೆ ಅದು ಆಯುಷ್ಯ ಮುಗಿಸಿ ಬುಡದಿಂದ ಉದುರಿದ್ದು. ಅಂಥವು ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಗುಂಗುರು ಕೂದಲಲ್ಲಿ ಉದುರಿದ ಎಳೆ ಕೆಳಗೆ ಬೀಳದೆ ಸುರುಳಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಬಾಚಿದಾಗ ಮುಷ್ಟಿ ತುಂಬ ಬಂದರೆ ಗಾಬರಿ ಬೇಡ. ಕಂಡೀಷನರ್ ಹಾಕಿದರೆ ಉದುರುತ್ತದೆ ಅನ್ನುವ ಮಾತು ಹುಟ್ಟಿದ್ದೂ ಇಲ್ಲೇ. ಅದರ ಜಾರಿಕೆಗೆ ಮೊದಲೇ ಉದುರಿದ್ದ ಎಳೆಗಳು ಒಟ್ಟಿಗೆ ಕೈಗೆ ಬರುತ್ತವೆ. ಗುಂಡಿಲ್ಲದ, ಬೇರೆ ಬೇರೆ ಉದ್ದದ ತುಂಡುಗಳೇ ಜಾಸ್ತಿ ಇದ್ದರೆ ಅದು ಮುರಿತ.

ಗುಂಗುರು ಎಳೆ ಬೇಗ ಮುರಿಯುವುದಕ್ಕೆ ಕಾರಣ ಅದರ ಆಕಾರ. ನೇರ ಕೂದಲನ್ನು ಅಡ್ಡ ಕತ್ತರಿಸಿದರೆ ದುಂಡಗಿರುತ್ತದೆ, ಗುಂಗುರು ಎಳೆ ಚಪ್ಪಟೆ. ಎಳೆಯ ಹೊರಪದರ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಎಳೆ ತಿರುಚಿಕೊಳ್ಳುವ ಪ್ರತಿ ತಿರುವಿನಲ್ಲೂ ಆ ಹೆಂಚು ಸ್ವಲ್ಪ ಎದ್ದಿರುತ್ತದೆ, ಬಾಚಣಿಗೆ ಹಲ್ಲು ತಗುಲುವುದು ಅಲ್ಲೇ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ಇಳಿಯುತ್ತದೆ, ಸುರುಳಿಯಲ್ಲಿ ತುದಿ ಮುಟ್ಟುವುದೇ ಇಲ್ಲ.

ತುದಿಯ ವಯಸ್ಸನ್ನೂ ನೆನಪಿಡಿ. 30 ಸೆಂ.ಮೀ. ಎಳೆಯ ತುದಿಗೆ ಎರಡೂವರೆ ವರ್ಷ ವಯಸ್ಸು. ದಿನಾ ಬಾಚಿದ್ದರೆ ಅದರ ಮೇಲೆ ಬಾಚಣಿಗೆ 900 ಸಲ ಹಾದುಹೋಗಿದೆ. ಭುಜದ ಹತ್ತಿರ ಬಂದ ತುದಿ ಯೂನಿಫಾರ್ಮ್ ಕಾಲರ್‌ಗೆ, ಸ್ಕೂಲ್ ಬ್ಯಾಗಿನ ಪಟ್ಟಿಗೆ ಇಡೀ ದಿನ ಉಜ್ಜುತ್ತದೆ. ಬಹಳ ಜನರ ಕೂದಲು ಸರಿಯಾಗಿ ಭುಜದಲ್ಲೇ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಅಳೆಯುವಾಗ ಕನ್ನಡಿ ನಂಬಬೇಡಿ, ಒಣಗಿದ ಸುರುಳಿ ಉದ್ದವನ್ನು ಮುಚ್ಚಿಡುತ್ತದೆ. ಒದ್ದೆ ಇದ್ದಾಗ ನಡುನೆತ್ತಿ, ಕಿವಿಯ ಮೇಲೆ, ಕತ್ತಿನ ಹಿಂದೆ, ಈ ಮೂರು ಕಡೆ ಒಂದೊಂದು ಎಳೆ ಮೆಲ್ಲಗೆ ನೇರ ಮಾಡಿ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಸಾಕು.

ಹುಬ್ಬಳ್ಳಿ_ಹಣಿಗಿ

ಅಕ್ಕಾರ, ಒಣ ಗುಂಗುರು ಕೂದಲಿಗೆ ಹಣಿಗಿ ಹಚ್ಚೂದು ಇವತ್ತ ನಿಲ್ಲಿಸ್ರಿ. ವಾರದಾಗ ಒಂದ ಅಥವಾ ಎರಡ ಸಲ, ಕಂಡೀಷನರ್ ಹಚ್ಚಿದಾಗ ಅಷ್ಟ ಸಿಕ್ಕು ಬಿಡಿಸಬೇಕು. ಹೆಂಗ ಅಂತ ಹೇಳ್ತೀನಿ.

ತಲಿ ತೊಳದ ಮ್ಯಾಲೆ ನೀರು ಸೋರ್ತಿರಬೇಕು, ಹಿಂಡಬ್ಯಾಡ್ರಿ. ಬೈತಲಿ ತೆಗದು ನಾಲ್ಕು ಪಾಲು ಮಾಡಿ ಮೂರಕ್ಕ ಕ್ಲಿಪ್ ಹಾಕ್ರಿ. ಒಂದೊಂದ ಪಾಲಿಗೆ ಎರಡು ಚಹಾ ಚಮಚ ಕಂಡೀಷನರ್. ಭುಜದ ಮಟ್ಟದ ದಟ್ಟ ಕೂದಲಿಗೆ ಎಲ್ಲಾ ಸೇರಿ 40 ಮಿ.ಲೀ. ಹಿಡೀತದ, ಜಿಪುಣತನ ಮಾಡಿದ್ರ ಜಾರಂಗಿಲ್ಲ. ನೆತ್ತಿ ಬಿಟ್ಟು ಕಿವಿಯಿಂದ ಕೆಳಗ ಹಚ್ಚಿ, ಎರಡು ಅಂಗೈ ನಡುವ ಹಿಡದು ಮ್ಯಾಲಿಂದ ಕೆಳಗ ಸವರ್‍ರಿ. ಕೈಗೆ ಬೆಂಡಿಕಾಯಿ ಲೋಳಿ ಹಂಗ ಹತ್ತಬೇಕು. ಹಂಗ ಆಗಲಿಲ್ಲಂದ್ರ ಕಂಡೀಷನರ್ ಸಾಲದು ಅಂತಲ್ಲ, ನೀರು ಸಾಲದು. ಒಂದ ಬೊಗಸಿ ನೀರು ಹಾಕ್ರಿ.

ಮೊದಲು ಬೆರಳು. ದೊಡ್ಡ ಸಿಕ್ಕು ಬೆರಳಿಗೆ ತಿಳೀತದ, ಹಣಿಗಿಗೆ ತಿಳಿಯಂಗಿಲ್ಲ. ಆಮ್ಯಾಲೆ ಹಲ್ಲಿನ ನಡುವ ಅರ್ಧ ಸೆಂ.ಮೀ. ಅಂತರ ಇರೋ ಅಗಲ ಹಲ್ಲಿನ ಹಣಿಗಿ. ತುದಿಯ ನಾಲ್ಕು ಬೆರಳಷ್ಟು ಬಿಡಿಸಿ, ಮತ್ತ ನಾಲ್ಕು ಬೆರಳು ಮ್ಯಾಲೆ ಹೋಗಿ ಅಲ್ಲಿಂದ ತುದಿತನ, ಹಿಂಗ ಏರ್ಕೋತ ಹೋಗಬೇಕು. ನೆತ್ತಿಯಿಂದ ಶುರು ಮಾಡಿದ್ರ ನಾಲ್ಕು ಸಣ್ಣ ಸಿಕ್ಕು ಕೂಡಿ ಒಂದ ದೊಡ್ಡ ಗಂಟಾಗತದ. ಗಂಟಿನ ಮ್ಯಾಲಿನ ಕೂದಲನ್ನ ಹೆಬ್ಬೆರಳು, ತೋರಬೆರಳಿನಾಗ ಬಿಗಿ ಹಿಡೀರಿ, ಬುಡಕ್ಕ ಎಳತ ಹೋಗಬಾರದು.

ಕಿವಿ ಕೊಟ್ಟು ಕೇಳ್ರಿ. ಸಿಕ್ಕು ಬಿಡೂ ಮುಂದ ಸಪ್ಪಳ ಇರಂಗಿಲ್ಲ. ಟಕ್ ಟಕ್ ಅಂದ್ರ ಎಳಿ ಹರೀಲಿಕ್ಕತ್ತದ, ಅಲ್ಲೇ ಕೈ ನಿಲ್ಲಿಸಿ ಇನ್ನಷ್ಟು ಕಂಡೀಷನರ್ ಹಾಕ್ರಿ. ಒಂಟಿ ಎಳಿ ತನಗ ತಾನ ಗಂಟು ಹಾಕ್ಕೊಂಡಿರತದ, ಅದನ್ನ ಬಿಡಿಸಲಿಕ್ಕೆ ಹೋಗಬ್ಯಾಡ್ರಿ. ಗಂಟಿನ ಸ್ವಲ್ಪ ಮ್ಯಾಲೆ ಕತ್ತರಿಸಿದ್ರ ಮುಗೀತು. ಮೊದಲ ಸಲ ಅರ್ಧ ತಾಸು ಬೇಕು. ಬಾಚಿದ ಪಾಲನ್ನ ಸಡಿಲಾಗಿ ತಿರುವಿ ಕ್ಲಿಪ್ ಹಾಕಿ ಮುಂದಿನ ಪಾಲಿಗೆ ಹೋಗ್ರಿ, ಇಲ್ಲಾಂದ್ರ ಬಿಡಿಸಿದ್ದು ಮತ್ತ ಸಿಕ್ಕಾಗತದ.

ತುಂಗಾತೀರ_ಜಡೆ

ಒದ್ದೆ ಕೂದಲು ಬಾಚಬಾರದು ಅಂತ ನಮ್ಮ ಹಿರಿಯರೆಲ್ಲ ಹೇಳುತ್ತಾರಲ್ಲ? ಒದ್ದೆಯಲ್ಲಿ ಕೂದಲಿನ ಶಕ್ತಿ ಕಡಿಮೆ ಅಂತಲೂ ಓದಿದ ನೆನಪು.

ರಸಾಯನ_ಮೇಷ್ಟ್ರು

ನೇರ ಕೂದಲಿಗೆ ಆ ಮಾತು ಸರಿ ಮೇಡಂ. ನೀರು ಹೊಕ್ಕಾಗ ಎಳೆಯೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಎಳೆ ಮೆತ್ತಗಾಗಿ ಹಿಗ್ಗುತ್ತದೆ. ಸುಮಾರು 30% ಹಿಗ್ಗಿದರೂ ಮೊದಲಿನಂತಾಗುತ್ತದೆ, ಅದಕ್ಕಿಂತ ಎಳೆದರೆ ಒಳಗೆ ಶಾಶ್ವತ ಪೆಟ್ಟು. ಆದರೆ ಗುಂಗುರು ಕೂದಲು ಒಣಗಿದ್ದಾಗ ಪ್ರತಿ ಸುರುಳಿ ಪಕ್ಕದ ಸುರುಳಿಗೆ ಕೊಕ್ಕೆ ಹಾಕಿಕೊಂಡಿರುತ್ತದೆ, ಬಾಚಲು ಬೇಕಾಗುವ ಬಲ ಎಷ್ಟೋ ಪಟ್ಟು ಹೆಚ್ಚು. ಒದ್ದೆಯಾದಾಗ ಸುರುಳಿ ಇಳಿಯುತ್ತದೆ. ಆದ್ದರಿಂದ ಒದ್ದೆ ಜೊತೆಗೆ ಜಾರಿಕೆ ಇರಲೇಬೇಕು. ಬರೀ ನೀರಲ್ಲಿ ನೆನೆದ ಕೂದಲನ್ನು ಬಾಚುವುದು ಎಲ್ಲಕ್ಕಿಂತ ಕೆಟ್ಟದ್ದು.

ಕಂಡೀಷನರ್ ಡಬ್ಬಿಯ ಹಿಂದೆ ಬೆಹೆಂಟ್ರಿಮೋನಿಯಮ್, ಸೆಟ್ರಿಮೋನಿಯಮ್ ಅಥವಾ ಸ್ಟಿಯರಮಿಡೊಪ್ರೊಪೈಲ್ ಡೈಮಿಥೈಲಮೈನ್, ಈ ಮೂರರಲ್ಲಿ ಒಂದು ಮೊದಲ ಐದಾರು ಹೆಸರಿನೊಳಗೆ ಇದೆಯಾ ನೋಡಿ. ಇವುಗಳ ಮೇಲೆ ಧನ ವಿದ್ಯುದಂಶ. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ. ಎಲ್ಲಿ ಪೆಟ್ಟಾಗಿದೆಯೋ ಅಲ್ಲೇ ಹೋಗಿ ಕೂರುತ್ತವೆ. ಬೆಲೆ ನೋಡಿ ಮರುಳಾಗಬೇಡಿ, 200 ರೂಪಾಯಿಯ ಡಬ್ಬಿಯಲ್ಲೂ ಇವು ಇರುತ್ತವೆ.

ಈಗ ನೀರು. ಹೇಮಾವತಿಯವರೇ, ಗೀಸರ್ ಕಾಯಿಲ್ ಮೇಲಿನ ಬಿಳಿ ಪದರವೇ ಉತ್ತರ ಹೇಳುತ್ತಿದೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು 200 ದಾಟಿರುತ್ತವೆ. ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಅಂಟುತ್ತಾ ಹೋದರೆ ಎಳೆ ಒರಟಾಗಿ, ಕಂಡೀಷನರ್ ಹಾಕಿದರೂ ಹಿಡಿಯುವುದಿಲ್ಲ. ಸೋಪಿನಲ್ಲಿ ತಲೆ ತೊಳೆದರೆ ಇನ್ನೂ ಕಷ್ಟ, ಬಕೆಟ್ ಅಂಚಿಗೆ ಕಟ್ಟುವ ಆ ಬೂದು ಕೆನೆಯೇ ಕೂದಲ ಮೇಲೂ ಕೂರುತ್ತದೆ.

ನಲ್ಲಿಗೆ ಸಿಕ್ಕಿಸುವ ಶವರ್ ಫಿಲ್ಟರ್‌ಗೆ ದುಡ್ಡು ಹಾಕಬೇಡಿ. ಕ್ಲೋರಿನ್ ಕಡಿಮೆ ಮಾಡಬಹುದು, ಗಡಸುತನ ಇಳಿಸುವುದಿಲ್ಲ. ಅದಕ್ಕೆ ಉಪ್ಪು ಹಾಕಿ ಮತ್ತೆ ಮತ್ತೆ ಚಾರ್ಜ್ ಮಾಡುವ ರಾಳದ ಸಾಫ್ಟ್‌ನರ್ ಬೇಕು. ನೀರು ಕುದಿಸಿದರೆ ಗಡಸಿನಲ್ಲಿ ಒಂದು ಭಾಗ ಮಾತ್ರ ಹೋಗುತ್ತದೆ. ಟಿಡಿಎಸ್ ಮೀಟರ್ ಉಪ್ಪುಗಳನ್ನೆಲ್ಲ ಒಟ್ಟಾಗಿ ತೋರಿಸುತ್ತದೆ, ಗಡಸುತನಕ್ಕೆ ಬೇರೆಯದೇ ಪರೀಕ್ಷಾ ಪಟ್ಟಿ ಸಿಗುತ್ತದೆ.

ಕಡಿಮೆ ಖರ್ಚಿನ ದಾರಿ ಎರಡು. ಎರಡು ಮೂರು ವಾರಕ್ಕೊಮ್ಮೆ ಇಡಿಟಿಎ ಇರುವ ಲವಣ ತೆಗೆಯುವ ಶಾಂಪೂ. ಮಾಮೂಲಿ ಶಾಂಪೂಗಳಲ್ಲೂ ಕೊನೆಗೆ ಇಡಿಟಿಎ ಹೆಸರು ಇರುತ್ತದೆ, ಅದು ಕೆಡದಿರಲಿ ಅಂತ ಹಾಕಿದ ಚಿಟಿಕೆ, ಈ ಕೆಲಸಕ್ಕೆ ಸಾಲದು. ಎರಡನೆಯದು, ಕೊನೆಯ ಜಾಲಾಟಕ್ಕೆ ಎರಡು ಲೀಟರ್ ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆ ನೀರು. ಅದರಲ್ಲಿ ಲೀಟರಿಗೆ ಒಂದು ಟೇಬಲ್ ಚಮಚ ಬಿಳಿ ವಿನಿಗರ್ ಬೆರೆಸಿದರೆ ಎದ್ದ ಪದರ ಕೂರುತ್ತದೆ. ನೆತ್ತಿಯಲ್ಲಿ ಗಾಯ ಇದ್ದರೆ ಉರಿಯುತ್ತದೆ, ಆಗ ಬೇಡ. ನಿಂಬೆರಸ ನೇರ ಹಿಂಡುವುದು ತಪ್ಪು, ಅದರ ಪಿಎಚ್ 2ರ ಆಸುಪಾಸು. ಅಡುಗೆ ಸೋಡಾ ಇನ್ನೊಂದು ದಿಕ್ಕಿನ ತಪ್ಪು, ಕ್ಷಾರಕ್ಕೆ ಪದರವೆಲ್ಲ ಏಳುತ್ತದೆ.

ಮಲೆನಾಡ_ಗೊಂಪು

ಎಲ್ಲವನ್ನೂ ಡಬ್ಬಿಯಲ್ಲೇ ಹುಡುಕಬೇಕಾಗಿಲ್ಲ. ಜಾರಿಕೆಗೆ ದಾಸವಾಳ ಸೊಪ್ಪಿನ ಗೊಂಪಿಗಿಂತ ಒಳ್ಳೆಯದು ಬೇರೆ ಬೇಕೆ? 25 ಬಲಿತ ಎಲೆ, ಎರಡು ಲೋಟ ನೀರು. ಅರ್ಧ ಗಂಟೆ ನೆನೆಸಿ, ಅದೇ ನೀರಲ್ಲಿ ಕಿವುಚಿ ಕಿವುಚಿ ಲೋಳೆ ಬಿಡಿಸಬೇಕು. ಮಿಕ್ಸಿಗೆ ಹಾಕಬಾರದು. ಹಾಕಿದರೆ ಎಲೆಯ ಪುಡಿ ಸುರುಳಿಯೊಳಗೆ ಸೇರಿ ನಾಲ್ಕು ದಿನ ಉದುರುತ್ತಿರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ಅವತ್ತೇ ಬಳಸಿ, ಮಾರನೆ ದಿನಕ್ಕೆ ವಾಸನೆ ಬರುತ್ತದೆ.

ಸೀಗೆ ಬಳಸುವವರೂ ಗುಂಗುರು ಕೂದಲಿಗೆ ಪುಡಿಯನ್ನು ಹಾಗೇ ತಿಕ್ಕಬೇಡಿ. ತಿಕ್ಕಿದಾಗ ನಾರಿನ ಚೂರು ಮರಳುಕಾಗದದ ಕೆಲಸ ಮಾಡುತ್ತದೆ. ಎರಡು ಟೇಬಲ್ ಚಮಚ ಪುಡಿಯನ್ನು ಎರಡು ಲೋಟ ಬಿಸಿ ನೀರಲ್ಲಿ 20 ನಿಮಿಷ ನೆನೆಸಿ, ಸೋಸಿದ ತಿಳಿಯನ್ನು ಮಾತ್ರ ನೆತ್ತಿಗೆ ಹಾಕಿ. ಪುಡಿ ಮಾಡಿಸುವಾಗಲೇ ಒಂದು ಕೆ.ಜಿ. ಸೀಗೆಗೆ ಕಾಲು ಕೆ.ಜಿ. ಮೆಂತ್ಯ, ಕಾಲು ಕೆ.ಜಿ. ಹೆಸರುಕಾಳು ಸೇರಿಸಿದರೆ ಬಿರುಸು ತಗ್ಗುತ್ತದೆ. ಅಂಟುವಾಳ ಬೇಡ, ಗುಂಗುರಿಗೆ ಅದು ತೀರ ಒಣ. ಯಾವುದೇ ಇರಲಿ ಕಣ್ಣಿಗೆ ಬಿದ್ದರೆ ಬಹಳ ಉರಿ, ತಲೆ ಹಿಂದಕ್ಕೆ ಬಾಗಿಸಿ ಹಾಕಿ.

ರಸಾಯನ_ಮೇಷ್ಟ್ರು

ಗೊಂಪಿನ ಮಾತು ಒಪ್ಪಿದೆ. ಒಂದೇ ವ್ಯತ್ಯಾಸ, ಗೊಂಪು ತೊಳೆದ ಮೇಲೆ ಎಳೆಯ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಕಂಡೀಷನರ್ ಉಳಿಯುತ್ತದೆ. ಗಡಸು ನೀರಿರುವ ಮನೆಯಲ್ಲಿ ಎರಡೂ ಇರಲಿ.

ಎಣ್ಣೆ ವಿಚಾರ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಸಣ್ಣ, ನೇರ ಅಣು, ಎಳೆಯ ಒಳಕ್ಕೆ ಇಳಿಯುತ್ತದೆ. ತೊಳೆಯುವ ಮುಂಚೆ ಹಚ್ಚಿದರೆ ಪ್ರೋಟೀನ್ ಸೋರಿಕೆ ತಗ್ಗುತ್ತದೆ ಅನ್ನುವುದನ್ನು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಅದೇ ಪರೀಕ್ಷೆಯಲ್ಲಿ ಖನಿಜ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಆ ಗುಣ ಕಾಣಲಿಲ್ಲ. ಗಮನಿಸಿ, ಇದು ಎಳೆಯ ರಕ್ಷಣೆ. ಬುಡದಲ್ಲಿ ಬೆಳೆಸುವ ಮಾತೇ ಅಲ್ಲ. ಹಾಗಾಗಿ ನೀವು ನೆತ್ತಿಗೆ ತಿಕ್ಕುತ್ತಿರುವ ಎಣ್ಣೆಯನ್ನು ಕೆಳಗೆ, ಉದ್ದಕ್ಕೆ ಹಚ್ಚಿ. ಮೂರು ಚಹಾ ಚಮಚ ಸಾಕು. ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು, ಒಂದು ಗಂಟೆಗೆ ಸ್ವಲ್ಪ ಮಾತ್ರ ಒಳಗೆ ಇಳಿಯುತ್ತದೆ.

ಹರಳೆಣ್ಣೆ ಬಿಟ್ಟುಬಿಡಿ. ಅದು ಜೇನಿನಂತೆ ದಪ್ಪ, ತೆಗೆಯಲು ಎರಡು ಸಲ ಶಾಂಪೂ ಉಜ್ಜಬೇಕು. ನಿಮ್ಮ ಮನೆಯಲ್ಲಿ ಆಗುತ್ತಿರುವುದೂ ಅದೇ. ಉದ್ದ ಕೂದಲಿಗೆ ಹರಳೆಣ್ಣೆ ಹಚ್ಚಿ ತೊಳೆದಾಗ ಇಡೀ ತಲೆ ಹಕ್ಕಿಗೂಡಿನಂತೆ ಗಂಟುಕಟ್ಟಿ, ಕತ್ತರಿಸದೆ ಬೇರೆ ದಾರಿಯೇ ಉಳಿಯದ ಪ್ರಕರಣ ನಮ್ಮ ದೇಶದ ವೈದ್ಯ ಪತ್ರಿಕೆಯಲ್ಲೇ ದಾಖಲಾಗಿದೆ.

ಕಡಲ_ಗಾಳಿ

ಕರಾವಳಿಯ ಮಳೆಗಾಲದ ಸಂಗತಿ ಒಂದು ಸೇರಿಸುತ್ತೇನೆ. ಗಾಳಿಯ ತೇವಕ್ಕೆ ಕೂದಲು ಹರಡಿ ಎದ್ದು ನಿಂತಾಗ ಬಾಚಿ ಅಣಗಿಸುವವರೇ ಹೆಚ್ಚು. ಬಾಚಿದಷ್ಟೂ ಸುರುಳಿ ಒಡೆದು ಇನ್ನೂ ಹರಡುತ್ತದೆ. ಸುರುಳಿಗಳು ಗೊಂಚಲಾಗಿ ಒಟ್ಟಿಗೆ ಇದ್ದರೆ ಸಿಕ್ಕು ಕಡಿಮೆ, ಸಿಕ್ಕು ಕಡಿಮೆಯಾದರೆ ಮುರಿತ ಕಡಿಮೆ. ಜೆಲ್ ಹಾಕುವುದು ಬರೀ ಚಂದಕ್ಕೆ ಅಂದುಕೊಳ್ಳಬೇಡಿ.

ಅಗಸೆಬೀಜ ಕಾಲು ಕಪ್, ನೀರು ಎರಡು ಕಪ್. ಮಧ್ಯಮ ಉರಿಯಲ್ಲಿ ಕೈ ಬಿಡದೆ ಕಲಕಿ. 7-8 ನಿಮಿಷಕ್ಕೆ ಬಿಳಿ ನೊರೆ ಬಂದು, ಸೌಟು ಎತ್ತಿದರೆ ಮೊಟ್ಟೆಯ ಬಿಳಿ ಲೋಳೆಯಂತೆ ಎಳೆ ಬರುತ್ತದೆ. ಆ ಕ್ಷಣ ಒಲೆ ಆರಿಸಿ, ಬಿಸಿ ಇರುವಾಗಲೇ ಸೋಸಬೇಕು. ಇನ್ನೂ ಎರಡು ನಿಮಿಷ ಬಿಟ್ಟರೆ ಬೀಜ ಕಚ್ಚಿಕೊಂಡು ಜರಡಿಯಲ್ಲಿ ಒಂದು ಹನಿಯೂ ಇಳಿಯುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ. ಒದ್ದೆ ಕೂದಲಿಗೆ ಒಂದು ದೊಡ್ಡ ಚಮಚ, ತಲೆ ಬಗ್ಗಿಸಿ ಕೆಳಗಿನಿಂದ ಮೇಲಕ್ಕೆ ಹಿಸುಕಿ. ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ, ಟರ್ಕಿ ಟವೆಲ್‌ನ ಕುಣಿಕೆಗಳಿಗೆ ಸುರುಳಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಗಟ್ಟಿ ಅನ್ನಿಸಿದರೆ ಎರಡು ಹನಿ ಎಣ್ಣೆ ಅಂಗೈಗೆ ಸವರಿಕೊಂಡು ಹಿಸುಕಿ.

ಚರ್ಮವೈದ್ಯೆ

ಬಯೋಟಿನ್ ಬೇಡ. ಅದರ ಕೊರತೆ ಇರುವವರು ತೀರ ಅಪರೂಪ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್, ಹೃದಯದ ಟ್ರೊಪೊನಿನ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶ ತಪ್ಪು ಬರಬಹುದು. ಯಾವ ಮಾತ್ರೆಯೂ ಒಡೆದ ತುದಿಯನ್ನು ಕೂಡಿಸುವುದಿಲ್ಲ, ಚರ್ಮದಿಂದ ಹೊರಗೆ ಬಂದ ಎಳೆಗೆ ಜೀವ ಇರುವುದಿಲ್ಲ.

ಬಿಳಿ ಗುಂಡಿರುವ ಕೂದಲೇ ದಿನಾ ಹಿಡಿ ಹಿಡಿ ಬಂದರೆ ಅದು ಬೇರೆ ಸಮಸ್ಯೆ. ಡೆಂಗಿ, ಟೈಫಾಯ್ಡ್, ಹೆರಿಗೆ, ಊಟ ಬಿಟ್ಟು ಸಣ್ಣಗಾಗುವುದು, ಇವು ಆದ ಎರಡು ಮೂರು ತಿಂಗಳ ನಂತರ ಉದುರು ಶುರುವಾಗುತ್ತದೆ. ಅಷ್ಟರಲ್ಲಿ ಜ್ವರ ಬಂದದ್ದೇ ಮರೆತಿರುತ್ತದೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರಿಗೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ. ಫೆರಿಟಿನ್ ಮಿ.ಲೀ.ಗೆ 30 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಿದೆ ಎಂದರ್ಥ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ.

ತಲೆಹೊಟ್ಟು ಇರುವ ನೆತ್ತಿಗೆ ಎಣ್ಣೆ ಹಚ್ಚಬೇಡಿ. ಹೊಟ್ಟಿಗೆ ಕಾರಣವಾಗುವ ಮಲಾಸೆಜಿಯಾ ಎಂಬ ಶಿಲೀಂಧ್ರ ಆ ಎಣ್ಣೆಯ ಕೊಬ್ಬನ್ನೇ ತಿಂದು ಬೆಳೆಯುತ್ತದೆ. 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ಐದು ನಿಮಿಷ ಬಿಟ್ಟು ತೊಳೆಯುವುದು, ನಾಲ್ಕು ವಾರ. ನೆತ್ತಿಗೆ ಮಾತ್ರ. ಉದ್ದಕ್ಕೆ ಮೊದಲೇ ಕಂಡೀಷನರ್ ಸವರಿಟ್ಟರೆ ಒಣಗುವುದಿಲ್ಲ.

ಇನ್ನೊಂದು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜಡೆ ಬಿಗಿದಾಗ ಹಣೆಯ ಅಂಚಿನಲ್ಲಿ ಚರ್ಮ ಗುಳ್ಳೆಗುಳ್ಳೆಯಾಗಿ ಏಳುತ್ತಿದ್ದರೆ, ಕಿವಿಯ ಮುಂದಿನ ಕೂದಲು ತೆಳುವಾಗುತ್ತಿದ್ದರೆ, ಅದು ಎಳೆತದಿಂದ ಬರುವ ಬೊಕ್ಕತಲೆ. ಶುರುವಿನಲ್ಲಿ ಸಡಿಲ ಮಾಡಿದರೆ ಮತ್ತೆ ಹುಟ್ಟುತ್ತದೆ. ವರ್ಷಗಟ್ಟಲೆ ಎಳೆದರೆ ಬುಡ ಕಲೆಗಟ್ಟಿ ಎಂದಿಗೂ ಬರುವುದಿಲ್ಲ. ಜಡೆ ಹಾಕಿದ ಮೇಲೆ ಹುಬ್ಬು ಎತ್ತಿದರೆ ನೋಯಬಾರದು, ಅದೇ ಅಳತೆ.

ಉ.ಕ._ಹಾಸ್ಟೆಲ್_ಟೀಚರ್

ಈ ಚರ್ಚೆಯನ್ನು ಸರಿಯಾದ ಹೊತ್ತಿಗೆ ನೋಡಿದೆ. ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಆರು ಹುಡುಗಿಯರು ನಮ್ಮ ಹಾಸ್ಟೆಲಿನಲ್ಲಿದ್ದಾರೆ. ಅವರ ಕೂದಲು ಪೆನ್ ಸ್ಪ್ರಿಂಗ್‌ನಷ್ಟು ಬಿಗಿ ಸುರುಳಿ. ಎಣ್ಣೆ ಹಚ್ಚಿ ಎರಡು ಜಡೆ ಹಾಕಬೇಕೆಂಬ ನಿಯಮ ಇದೆ, ಬೆಳಿಗ್ಗೆ ಬಾಚುವಾಗ ಮಕ್ಕಳು ಅಳುತ್ತಾರೆ. ಹೇನಿನ ಕಾಟ ಬಂದಾಗ ಎಲ್ಲರಿಗೂ ಕ್ರಾಪ್ ಮಾಡಿಸಿಬಿಡುವ ಮಾತೂ ಬಂದಿತ್ತು. ಅವರಿಗೂ ಉದ್ದ ಕೂದಲಿನ ಆಸೆ ಇದೆ. ಏನು ಮಾಡಬಹುದು?

ಡರ್ಬನ್_ಕನ್ನಡತಿ

ಟೀಚರ್, ನೀವು ಕೇಳಿದ್ದು ತುಂಬ ಒಳ್ಳೆಯದಾಯಿತು. ಇಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಹುಪಾಲು ಜನರ ಕೂದಲು ಅಂಥದ್ದೇ, ಆರೈಕೆಯ ಕ್ರಮವೂ ಅದಕ್ಕೆ ತಕ್ಕ ಹಾಗೆ ಇದೆ.

ಮೊದಲು ಅಳತೆಯ ಅನ್ಯಾಯ ಸರಿಯಾಗಲಿ. ಆಫ್ರಿಕಾ ಮೂಲದ ಕೂದಲು ದಿನಕ್ಕೆ ಸರಾಸರಿ ಕಾಲು ಮಿಲಿಮೀಟರ್ ಬೆಳೆಯುತ್ತದೆ, ವರ್ಷಕ್ಕೆ ಸುಮಾರು 9 ಸೆಂ.ಮೀ. ಆ ಮಕ್ಕಳ ಒಂದು ಎಳೆಯನ್ನು ಹಿಡಿದು ನೇರ ಮಾಡಿ ನೋಡಿ. 7 ಸೆಂ.ಮೀ. ಅಂತ ಕಾಣುವುದು 20 ಇರಬಹುದು. "ಇವರಿಗೆ ಬೆಳೆಯುವುದೇ ಇಲ್ಲ" ಅನ್ನುವ ಮಾತು ಮಕ್ಕಳ ಕಿವಿಗೆ ಬೀಳಬಾರದು.

ದಿನಾ ಬಾಚುವುದು ಬೇಡವೇ ಬೇಡ. ವಾರಕ್ಕೊಮ್ಮೆ ತೊಳೆಯುವ ದಿನ ಮಾತ್ರ. ನಾಲ್ಕಲ್ಲ, ಎಂಟು ಪಾಲು ಮಾಡಿ ಪ್ರತಿ ಪಾಲನ್ನೂ ಸಡಿಲವಾಗಿ ಹೆಣೆದು, ಹೆಣೆದ ಜಡೆಯ ಮೇಲೇ ಶಾಂಪೂ ಹಾಕಿ. ಬೆರಳ ತುದಿಯಿಂದ ನೆತ್ತಿ ತೊಳೆದರೆ ಇಳಿದುಬರುವ ನೊರೆಯೇ ಜಡೆಗೆ ಸಾಕು. ಪೂರ್ತಿ ಬಿಚ್ಚಿ ತೊಳೆದರೆ ಅರ್ಧ ದಿನ ಸಿಕ್ಕಿಗೇ ಹೋಗುತ್ತದೆ. ಆಮೇಲೆ ಒಂದೊಂದೇ ಬಿಚ್ಚಿ, ಹುಬ್ಬಳ್ಳಿಯವರು ಹೇಳಿದಂತೆ ಕಂಡೀಷನರ್‌ನಲ್ಲಿ ಸಿಕ್ಕು ಬಿಡಿಸಿ, ತೊಳೆದು, ಇನ್ನೂ ಒದ್ದೆ ಇರುವಾಗ ಒಂದು ಚಹಾ ಚಮಚ ಕಂಡೀಷನರ್ ತೊಳೆಯದೆ ಬಿಟ್ಟು, ಮೇಲೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಸವರಿ ಮತ್ತೆ ಹೆಣೆಯಿರಿ. ನೀರು ಮೊದಲು, ಎಣ್ಣೆ ಕೊನೆಗೆ. ಒಣ ಕೂದಲಿಗೆ ಎಣ್ಣೆ ಮೆತ್ತಿದರೆ ಒಣಗಿದ್ದು ಒಣಗಿದ ಹಾಗೇ ಇರುತ್ತದೆ, ಮೇಲೆ ಜಿಡ್ಡು ಅಷ್ಟೇ.

ಶಾಲೆಗೆ ನೆತ್ತಿಗೆ ಅಂಟಿಸಿ ಹೆಣೆದ ಆರು ಅಥವಾ ಎಂಟು ಸಾಲು ಜಡೆ, ಹಿಂದೆ ಎರಡಾಗಿ ಕೂಡಿಸಿ ರಿಬ್ಬನ್. ಎರಡು ಜಡೆಯ ನಿಯಮವೂ ಪಾಲನೆಯಾಯಿತು. ಸ್ವಂತ ಕೂದಲಿನ ಹೆಣಿಗೆ ಎರಡು ವಾರಕ್ಕಿಂತ ಹೆಚ್ಚು ಬಿಡಬೇಡಿ. ಉದುರಿದ ಎಳೆಗಳು ಬುಡದಲ್ಲಿ ಕೂಡಿ ಜಟೆಯಾಗುತ್ತವೆ. ಹಣೆಯ ಅಂಚಿನ ಎಳೆಯ ಕೂದಲನ್ನು ಹೆಣಿಗೆಗೆ ಎಳೆದು ಸೇರಿಸಬೇಡಿ, ಹಾಗೇ ಬಿಡಿ.

ಚಾಡ್ ದೇಶದ ಬಸಾರಾ ಹೆಂಗಸರು ಚೆಬೆ ಅನ್ನುವ ಪುಡಿ ಬಳಸುತ್ತಾರೆ, ಅದನ್ನು ಬೆಳೆಸುವ ಔಷಧ ಅಂತ ಈಗ ಎಲ್ಲೆಡೆ ಮಾರುತ್ತಾರೆ. ಅವರು ಅದನ್ನು ನೆತ್ತಿಗೆ ಹಚ್ಚುವುದೇ ಇಲ್ಲ. ಎಣ್ಣೆಯಲ್ಲಿ ಕಲಸಿ ಉದ್ದಕ್ಕೆ ಮೆತ್ತಿ ಹೆಣೆದುಬಿಡುತ್ತಾರೆ, ದಿನಗಟ್ಟಲೆ ಯಾರೂ ಮುಟ್ಟುವುದಿಲ್ಲ. ತುದಿಗೆ ಬಾಚಣಿಗೆ, ಗಾಳಿ, ಬಟ್ಟೆಯ ಉಜ್ಜಾಟ ಯಾವುದೂ ತಾಗದ ಕಾರಣ ಬೆಳೆದದ್ದು ಉಳಿಯುತ್ತದೆ. ಪುಡಿ ತರಿಸಬೇಕಾಗಿಲ್ಲ, ಆ ಕ್ರಮ ಕಲಿತರೆ ಸಾಕು.

ಚರ್ಮವೈದ್ಯೆ

ಹೇನಿಗೆ ಕ್ರಾಪ್ ಬೇಕಾಗಿಲ್ಲ ಟೀಚರ್. 1% ಪರ್ಮೆತ್ರಿನ್ ಲೋಷನ್. ಬರೀ ಶಾಂಪೂವಿನಲ್ಲಿ ತೊಳೆದು, ನೀರು ಒತ್ತಿ ತೆಗೆದು, ನೆತ್ತಿಯಿಂದ ತುದಿಯವರೆಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆಯುವುದು. ಅದಕ್ಕೆ ಮುಂಚೆ ಮಾತ್ರ ಕಂಡೀಷನರ್, ಎಣ್ಣೆ ಎರಡೂ ಬೇಡ, ಎಳೆಗೆ ಪದರ ಕಟ್ಟಿದರೆ ಔಷಧ ಹಿಡಿಯುವುದಿಲ್ಲ. ಒಂಬತ್ತನೇ ದಿನ ಇನ್ನೊಮ್ಮೆ, ಸೀರಿನಿಂದ ಮರಿ ಹೊರಬರುವುದು ಅಷ್ಟರಲ್ಲಿ. ನಡುವೆ ಮೂರು ದಿನಕ್ಕೊಮ್ಮೆ ಕಂಡೀಷನರ್ ಧಾರಾಳ ಹಾಕಿ, ಸಿಕ್ಕು ಪೂರ್ತಿ ಬಿಡಿಸಿದ ಮೇಲೆ ಸೀರಣಿಗೆ ಎಳೆಯಿರಿ. ಬಿಗಿ ಸುರುಳಿಗೆ ಬೆರಳ ಅಗಲದ ಪಾಲು ಮಾಡಿಕೊಂಡರೆ ಸೀರಣಿಗೆ ಹಾಯುತ್ತದೆ. ಕೋಣೆಯ ಎಲ್ಲರಿಗೂ ಪರೀಕ್ಷೆ ಒಂದೇ ದಿನ ಆಗಬೇಕು. ಬಾಚಣಿಗೆ ಒಬ್ಬೊಬ್ಬರಿಗೆ ಬೇರೆ.

ನೆತ್ತಿಯಲ್ಲಿ ದುಂಡಗೆ ಬೋಳಾಗಿ, ಅಲ್ಲಿ ಬುಡದಲ್ಲೇ ಮುರಿದ ಕೂದಲು ಕಪ್ಪು ಚುಕ್ಕೆಯಂತೆ ಕಂಡರೆ ಅದು ಫಂಗಸ್ ಸೋಂಕು. ಮಕ್ಕಳಲ್ಲಿ ಬೇಗ ಹರಡುತ್ತದೆ. ಮುಲಾಮಿಗೆ ಹೋಗುವುದಿಲ್ಲ, ವೈದ್ಯರು ಬರೆದ ಮಾತ್ರೆಯೇ ಬೇಕು.

ಹೇಮಾವತಿ_ದಡ

ಎಲ್ಲರಿಗೂ ಧನ್ಯವಾದ. ಬಿಳಿ ಪಂಚೆಯ ಪರೀಕ್ಷೆ ಮಾಡಿದೆ. 60ರಲ್ಲಿ 40ಕ್ಕೂ ಹೆಚ್ಚು ಗುಂಡಿಲ್ಲದ ತುಂಡುಗಳು. ಈಗ ಎರಡು ಪ್ರಶ್ನೆ. ಆಗಾಗ ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದಂತೆ, ಹೌದಾ? ಬೆಳಿಗ್ಗೆ ಬಾಚದೆ ಶಾಲೆಗೆ ಜಡೆ ಹಾಕುವುದು ಹೇಗೆ?

ಎಳೆಬಿಡಿಸಿ

ಕತ್ತರಿಯ ಸುದ್ದಿ ಬುಡಕ್ಕೆ ಗೊತ್ತಾಗುವುದಿಲ್ಲ ಅಕ್ಕ, ಬೆಳವಣಿಗೆಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಸೀಳಿದ ತುದಿಯನ್ನು ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದೆ, ಪಕ್ಕದ ಎಳೆಗೂ ಸಿಕ್ಕು ಹಾಕುತ್ತದೆ. ಈಗ ಒಂದು ಸಲ, ತೆಳ್ಳಗೆ ಪಾರದರ್ಶಕವಾಗಿ ಕಾಣುವ ತುದಿಯನ್ನೆಲ್ಲ ತೆಗೆಸಿ, ಎರಡು ಬೆರಳಷ್ಟು ಹೋದರೂ ಚಿಂತೆಯಿಲ್ಲ. ಆಮೇಲೆ ನಾಲ್ಕು ತಿಂಗಳಿಗೊಮ್ಮೆ ಅರ್ಧ ಸೆಂ.ಮೀ. ಪಾರ್ಲರ್‌ನಲ್ಲಿ ತಿಂಗಳಿಗೊಮ್ಮೆ ಒಂದು ಇಂಚು ತೆಗೆಸಿದರೆ ಬೆಳೆದದ್ದಕ್ಕಿಂತ ಹೋದದ್ದೇ ಹೆಚ್ಚು. ಮನೆಯಲ್ಲಾದರೆ ಕೂದಲಿಗೆಂದೇ ಇಟ್ಟ ಹರಿತ ಕತ್ತರಿ ಇರಲಿ. ಕಾಗದ, ಬಟ್ಟೆ ಕತ್ತರಿಸುವ ಕತ್ತರಿ ಎಳೆಯನ್ನು ಜಗಿದು ಹೊಸ ಸೀಳು ಮಾಡುತ್ತದೆ. ತೆಳುಮಾಡುವ ರೇಜರ್ ಕಟಿಂಗ್ ಗುಂಗುರಿಗೆ ಬೇಡ ಅಂತ ಮೊದಲೇ ಹೇಳಿ.

ಶಾಲೆಯ ಜಡೆಗೆ: ರಾತ್ರಿಯೇ ಎರಡು ಸಡಿಲ ಜಡೆ ಹಾಕಿ ಮಲಗಿಸಿ. ಬೆಳಿಗ್ಗೆ ಜಡೆ ಬಿಚ್ಚುವುದೇ ಬೇಡ. ಸ್ಪ್ರೇ ಬಾಟಲಿಯಲ್ಲಿ ಒಂದು ಲೋಟ ಆರ್‌ಒ ನೀರು, ಅರ್ಧ ಚಹಾ ಚಮಚ ಕಂಡೀಷನರ್ ಕಲಕಿಟ್ಟುಕೊಂಡು ಹಣೆಯ ಮೇಲೆ ಎದ್ದ ಕೂದಲಿಗಷ್ಟೇ ಸಿಂಪಡಿಸಿ ಅಂಗೈಯಲ್ಲಿ ಸವರಿ. ಈ ನೀರು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಎರಡು ದಿನಕ್ಕೊಮ್ಮೆ ಬಿಚ್ಚಿ ಬೆರಳಿನಿಂದಲೇ ಬಿಡಿಸಿ ಮತ್ತೆ ಹೆಣೆಯಿರಿ. ಬರೀ ರಬ್ಬರ್ ಬ್ಯಾಂಡ್ ಹಾಕಿದರೆ ಬಿಚ್ಚುವಾಗ ಕೂದಲೂ ಜೊತೆಗೆ ಬರುತ್ತದೆ, ಬಟ್ಟೆ ಸುತ್ತಿದ ಬ್ಯಾಂಡ್ ತನ್ನಿ. ಜಡೆಯನ್ನು ಮಡಚುವುದು ಒಳ್ಳೆಯದೇ, ತುದಿ ಭುಜಕ್ಕೆ ಉಜ್ಜುವುದು ತಪ್ಪುತ್ತದೆ. ರಿಬ್ಬನ್ ಗಂಟು ಮಾತ್ರ ದಿನಾ ಒಂದೇ ಜಾಗಕ್ಕೆ ಬಿಗಿಯಬಾರದು, ಅಲ್ಲೇ ಎಳೆ ತುಂಡಾಗುತ್ತದೆ. ಒಂದು ದಿನ ಮೇಲೆ, ಒಂದು ದಿನ ಎರಡು ಬೆರಳು ಕೆಳಗೆ ಕಟ್ಟಿ.

ಹುಬ್ಬಳ್ಳಿ_ಹಣಿಗಿ

ದಿಂಬಿನ ಸುದ್ದಿ ಯಾರೂ ಹೇಳಲಿಲ್ಲ. ಹತ್ತಿ ಬಟ್ಟಿ ಕೂದಲಿನ ಪಸಿ ಹೀರತದ, ಉಜ್ಜತದ. ಹಳೇ ರೇಷ್ಮಿ ಸೀರಿ ಇದ್ರ ಅದರ ಒಡಲಿನ ಭಾಗ ಕತ್ತರಿಸಿ ದಿಂಬಿಗೆ ಗವಸು ಹೊಲಿಸ್ರಿ. ಇಲ್ಲಾಂದ್ರ ಸ್ಯಾಟಿನ್ ಬಟ್ಟಿ ಒಂದ ಮೀಟರ್ ತಂದ್ರ ಎರಡು ಗವಸು ಆಗತಾವ. ಸ್ಕೂಟರ್ ಮ್ಯಾಲೆ ಹೋಗೋರು ಹೆಲ್ಮೆಟ್ ಒಳಗ ಅದೇ ಬಟ್ಟಿಯ ಚೌಕ ಕಟಗೊಳ್ರಿ. ಜರಿ ಅಂಚು ಮಾತ್ರ ಪೂರ್ತಿ ತೆಗೀರಿ. ಜರಿ ತಂತಿ ಎದ್ದಿರತದ, ಗುಂಗುರು ಎಳಿ ಅದಕ್ಕ ಸುತ್ತಿಕೊಂಡು ಹರೀತದ.

ಹೇಮಾವತಿ_ದಡ

ಆಯಿತು. ಇವತ್ತು ಮೂರು ಕಡೆ ಅಳತೆ ಬರೆದಿಟ್ಟಿದ್ದೇನೆ: ನಡುನೆತ್ತಿ 31, ಕಿವಿಯ ಮೇಲೆ 27, ಕತ್ತಿನ ಹಿಂದೆ 29 ಸೆಂ.ಮೀ. ಕಿವಿಯ ಮೇಲೆ ಕಡಿಮೆ ಇರುವುದು ಯಾಕೆ?

ಎಳೆಬಿಡಿಸಿ

ಎರಡೂ ಬದಿ ಅಳೆದು ನೋಡಿ. ಒಂದೇ ಬದಿ ಕಡಿಮೆ ಇದ್ದರೆ ಮಗಳು ಆ ಮಗ್ಗುಲಲ್ಲೇ ಮಲಗುತ್ತಾಳೆ, ಅಥವಾ ಬ್ಯಾಗು ಆ ಹೆಗಲಿಗೇ ಹಾಕುತ್ತಾಳೆ. ಎರಡೂ ಬದಿ ಕಡಿಮೆ ಇದ್ದರೆ ಜಡೆ ಶುರುವಾಗುವ ಜಾಗದ ಬಿಗಿತ, ಅಲ್ಲಿಂದಲೇ ಸಡಿಲಿಸಲು ಶುರುಮಾಡಿ.